ಕುಂಡದ ಹೋಸ್ಟಾ ಜನವರಿಯಲ್ಲೇ ಮೊಳಕೆ ಒಡೆದರೆ

ಪ್ರಶ್ನೆ: ಸರ್, ನಮ್ಮ ಮನೆ ಊಟಿಯ ಫರ್ನ್‌ಹಿಲ್ ಕಡೆ, ಒಂದು ಇಳಿಜಾರಿನ ಬುಡದಲ್ಲಿದೆ. ಎರಡು ವರ್ಷದ ಹಿಂದೆ ಮಗಳು ಹೋಸ್ಟಾ ಎಂಬ ಅಗಲ ಎಲೆಯ ಅಲಂಕಾರದ ಗಿಡದ ಗಡ್ಡೆಗಳನ್ನು ತಂದುಕೊಟ್ಟಳು. ಆರು ಕುಂಡಗಳಲ್ಲಿ ನೆಟ್ಟಿದ್ದೇನೆ. ನಾಲ್ಕು ಕಪ್ಪು ಪ್ಲಾಸ್ಟಿಕ್‌ನವು, ಎರಡು ಮಣ್ಣಿನವು. ಮಳೆಗಾಲದಲ್ಲಿ ಚೆನ್ನಾಗಿ ಎಲೆ ಬಿಟ್ಟು, ಡಿಸೆಂಬರ್ ಹೊತ್ತಿಗೆ ಹಳದಿಯಾಗಿ ಒಣಗಿದವು. ಬಿಸಿಲು ಕಾಯಲಿ ಎಂದು ಕುಂಡಗಳನ್ನು ಅಂಗಳದ ಪೂರ್ವದ ತುದಿಗೆ ಸರಿಸಿದೆ. ಜನವರಿ ಮೂರನೇ ವಾರ ನೇರಳೆ ಬಣ್ಣದ ಚೂಪು ಮೊಳಕೆಗಳು ಕಾಣಿಸಿಕೊಂಡವು, ಕೆಲವು ಎಲೆಯೂ ಬಿಚ್ಚಿದವು. ಅಷ್ಟರಲ್ಲಿ ಜೋರಾಗಿ ಹಿಮ ಶುರುವಾಯಿತು. ಪಾಲಿಥಿನ್ ಹಾಳೆ ಸುತ್ತಿ ದಾರ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಹಾಳೆ ತಾಗಿದ್ದ ಎಲೆಗಳೆಲ್ಲ ನೀರುನೀರಾಗಿ ಕಪ್ಪಾಗಿದ್ದವು. ಪಕ್ಕದ ಮನೆಯವರು ಬೆಳಿಗ್ಗೆ ಎದ್ದು ಬಿಸಿನೀರು ಚಿಮುಕಿಸಿ ಅಂತಾರೆ. ತೋಟದ ಕೆಲಸಕ್ಕೆ ಬರುವವರು ಹೊಗೆ ಹಾಕಿ ಅಂತಾರೆ. ಮಗಳು ಎಲ್ಲೋ ಓದಿ, ಕುಂಡದಲ್ಲಿದ್ದರೆ ಬೇರೇ ಹೆಪ್ಪುಗಟ್ಟಿ ಸಾಯುತ್ತದೆ, ಅಡುಗೆಮನೆಗೆ ತಂದಿಡು ಅಂತಾಳೆ. ಗಿಡ ಉಳಿಯುತ್ತದೆಯೇ? ಕಪ್ಪಾದದ್ದನ್ನು ಕತ್ತರಿಸಲೇ? ಚೇತರಿಸಿಕೊಳ್ಳಲು ಗೊಬ್ಬರ ಕೊಡಲೇ? ಗುಂಡ್ಲುಪೇಟೆಯಲ್ಲಿರುವ ತಂಗಿಯೂ ಒಂದು ಗಿಡ ಕೇಳುತ್ತಿದ್ದಾಳೆ. ಅಲ್ಲಿ ಬರುತ್ತದೆಯೇ?

ಉತ್ತರ: ನಿಮ್ಮ ಗಿಡಗಳು ಸತ್ತಿರುವ ಸಾಧ್ಯತೆ ಬಹಳ ಕಡಿಮೆ. ನೀವು ಬರೆದಿರುವ ಲಕ್ಷಣ ನೋಡಿದರೆ ಹೋಗಿರುವುದು ಈ ಸಲದ ಮೊದಲ ಎಲೆಗಳು, ಅಷ್ಟೇ. ಹೋಸ್ಟಾದ ಜೀವ ಇರುವುದು ಎಲೆಯಲ್ಲಲ್ಲ, ಮಣ್ಣಿನ ಮಟ್ಟಕ್ಕೆ ತುಸು ಕೆಳಗಿರುವ ಗಡ್ಡೆಯಲ್ಲಿ. ಮೇಲೆ ಕಾಣುವ ಚೂಪು ಮೊಳಕೆ ಎಂದರೆ ಒಂದರೊಳಗೊಂದು ಬಿಗಿಯಾಗಿ ಸುತ್ತಿಕೊಂಡ ಎಲೆಗಳು. ಹೊರಗಿನ ಒಂದೆರಡು ಸುಟ್ಟರೂ ಒಳಗಿನವು ಎಷ್ಟೋ ಸಲ ಉಳಿದಿರುತ್ತವೆ, ಹೊಸ ಎಲೆ ಹುಟ್ಟುವ ತುದಿಯಂತೂ ಇನ್ನೂ ಕೆಳಗಿರುತ್ತದೆ. ಒಂದು ಕುಂಡದಲ್ಲಿ ಬೆರಳಿನಿಂದ ಮಣ್ಣು ಸರಿಸಿ ಮೊಳಕೆಯ ಬುಡವನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ನಿಶ್ಚಿಂತೆಯಿಂದಿರಿ. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಅದು ಕೊಳೆ. ಕುಂಡದಲ್ಲಿ ಕೊಳೆ ಬರುವುದು ಸಾಮಾನ್ಯವಾಗಿ ನಿಂತ ನೀರಿನಿಂದ, ಹಿಮದಿಂದಲ್ಲ.

ಪಾಲಿಥಿನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನಡುವೆ ಬಂದುಹೋದ ಒಂದು ಮಾತು: ಬಿಸಿಲು ಕಾಯಲಿ ಎಂದು ಕುಂಡಗಳನ್ನು ಪೂರ್ವದ ತುದಿಗೆ ಸರಿಸಿದ್ದು. ಎಲೆ ಸುಟ್ಟ ರಾತ್ರಿಗಿಂತ ಒಂದು ತಿಂಗಳು ಮೊದಲೇ, ಅಲ್ಲಿಯೇ ತೊಂದರೆ ಶುರುವಾಗಿದೆ. ನೀವು ಕೇಳಿರುವುದು ಇವತ್ತು ರಾತ್ರಿ ಎಲೆ ಉಳಿಸುವುದು ಹೇಗೆ ಎಂದು. ಅದನ್ನು ಹೇಳುತ್ತೇನೆ. ಆದರೆ ಗಿಡ ಜನವರಿಯಲ್ಲಿ ಏಕೆ ಎದ್ದಿತು ಎಂಬುದನ್ನು ಸರಿಪಡಿಸದಿದ್ದರೆ ಪ್ರತಿ ವರ್ಷ ಚಳಿಗಾಲವಿಡೀ ರಾತ್ರಿ ಗೋಣಿಚೀಲ ಹಿಡಿದು ಅಂಗಳದಲ್ಲಿ ಓಡಾಡಬೇಕಾಗುತ್ತದೆ.

ಹೋಸ್ಟಾ ಜಪಾನ್, ಕೊರಿಯಾ, ಚೀನಾಗಳ ಗಿಡ. ಅಲ್ಲಿ ಕಾಡಿನ ಅಂಚು, ಹೊಳೆ ದಂಡೆ, ಬೆಟ್ಟದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುತ್ತದೆ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ನೆಲದೊಳಗೆ ಮಲಗುತ್ತದೆ. ಆ ನಿದ್ದೆ ಅದಕ್ಕೆ ಬೇಕೇ ಬೇಕು. ಸಾಮಾನ್ಯವಾಗಿ ಐದಾರು ವಾರವಾದರೂ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಸಿಕ್ಕರೆ ಮುಂದಿನ ವರ್ಷದ ಚಿಗುರು ಪುಷ್ಟಿಯಾಗಿ ಬರುತ್ತದೆ. ಆ ಊರುಗಳಲ್ಲಿ ನೆಲ ತಿಂಗಳುಗಟ್ಟಲೆ ತಣ್ಣಗಿದ್ದು, ವಸಂತದಲ್ಲಿ ನಿಧಾನವಾಗಿ ಬೆಚ್ಚಗಾಗುತ್ತದೆ. ಹಗಲೂ ಕಣ್ಣಿಗೆ ಕಾಣುವಷ್ಟು ಉದ್ದವಾಗುತ್ತ ಹೋಗುತ್ತದೆ. ಟೋಕಿಯೋದಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಸುಮಾರು 5 ಗಂಟೆಯ ಅಂತರವಿದೆ. ನಮ್ಮ ಊಟಿಯಲ್ಲಿ ಆ ಅಂತರ ಒಂದೂವರೆ ಗಂಟೆಯೂ ಇಲ್ಲ. ಅಂದರೆ ಮಲಗು ಎಂದೋ ಏಳು ಎಂದೋ ಗಿಡಕ್ಕೆ ಹೇಳಲು ಇಲ್ಲಿ ಹಗಲಿನಿಂದ ಆಗದು. ಉಳಿಯುವುದು ಮಣ್ಣಿನ ಬಿಸಿ ಒಂದೇ.

ಇನ್ನು ಊಟಿಯ ಜನವರಿ ನಿಮಗೇ ಗೊತ್ತು. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಊರು. ರಾತ್ರಿ ಕೈ ಮರಗಟ್ಟುವ ಚಳಿ, ಮಧ್ಯಾಹ್ನ ಸ್ವೆಟರ್ ಬಿಚ್ಚುವಷ್ಟು ಬಿಸಿಲು. ಗಾಳಿಯ ಉಷ್ಣತೆ ಮಧ್ಯಾಹ್ನ 20 ಡಿಗ್ರಿ ಹತ್ತಿರ ಬಂದರೆ, ಬಿಸಿಲಿಗಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಮಣ್ಣು ಅದನ್ನೂ ಮೀರಿ ಕಾಯುತ್ತದೆ. ನೆಲದಲ್ಲಿ ನೆಟ್ಟ ಗಿಡಕ್ಕೆ ಸುತ್ತಲಿನ ತಣ್ಣನೆಯ ಮಣ್ಣಿನ ರಾಶಿ ಇರುತ್ತದೆ. ಕುಂಡದ ಗಿಡಕ್ಕೆ ಅದಿಲ್ಲ, ನಾಲ್ಕೂ ಕಡೆಯಿಂದ ಬಿಸಿ ತಾಗುತ್ತದೆ. ಹೊರದೇಶಗಳಲ್ಲೂ ಕುಂಡದ ಹೋಸ್ಟಾ ನೆಲದ ಹೋಸ್ಟಾಗಿಂತ ಮುಂಚೆ ಮೊಳೆತು, ತಡವಾಗಿ ಬರುವ ಹಿಮಕ್ಕೆ ಸಿಕ್ಕಿಬೀಳುತ್ತದೆ. ಅವರಿಗೆ ಈ ತಲೆನೋವು ಏಪ್ರಿಲ್, ಮೇ ತಿಂಗಳಲ್ಲಿ. ನಮಗೆ ನವೆಂಬರಿನಿಂದ ಫೆಬ್ರವರಿವರೆಗಿನ ಹಿಮಗಾಲದ ಮಧ್ಯದಲ್ಲೇ. ಅದರಿಂದಲೇ ಅಲ್ಲಿಯ ತೋಟಗಾರರು ಬರೆದ ಕ್ಯಾಲೆಂಡರ್ ನೋಡಿ ಇಲ್ಲಿ ಕೆಲಸ ಮಾಡಿದರೆ ಎಡವಟ್ಟಾಗುತ್ತದೆ. ಮಣ್ಣು ಬೆಚ್ಚಗಾದರೆ ಗಿಡ ಏಳುತ್ತದೆ. ಆಕಾಶ ಇನ್ನೂ ಹಿಮದ್ದೇ ಎಂದು ಗಡ್ಡೆಗೆ ಗೊತ್ತಾಗುವುದಿಲ್ಲ.

ಈಗ ಹಿಮದ ಮಾತು. ನೀವು ಅಂಗಳದಲ್ಲಿ ನೋಡುವ ಬಿಳಿ ಪದರ ಮೇಲಿನಿಂದ ಬಂದದ್ದಲ್ಲ, ಎಲೆಯ ಮೇಲೇ ಹುಟ್ಟಿದ್ದು. ಮೋಡವಿಲ್ಲದ, ಗಾಳಿಯಾಡದ, ಒಣ ರಾತ್ರಿಯಲ್ಲಿ ನೆಲ, ಹುಲ್ಲು, ಎಲೆ, ಕಾರಿನ ಮೇಲ್ಛಾವಣಿ, ಎಲ್ಲವೂ ಹಗಲು ಕೂಡಿಟ್ಟ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ಹೋಗುತ್ತವೆ. ಎಲೆ ತೆಳು, ಅಗಲ. ಅದಕ್ಕೆ ಕೂಡಿಟ್ಟ ಶಾಖವೇ ಕಡಿಮೆ. ಹಾಗಾಗಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದರ ಮೇಲಿನ ತೇವ ಹೆಪ್ಪುಗಟ್ಟುತ್ತದೆ. ಪತ್ರಿಕೆಯಲ್ಲಿ ಕನಿಷ್ಠ 4 ಡಿಗ್ರಿ ಎಂದು ಓದಿ, ನಮ್ಮ ಅಂಗಳದಲ್ಲಿ ಹಿಮ ಹೇಗೆ ಬಂತು ಎಂದು ಬೆರಗಾಗಬೇಡಿ. ಹವಾಮಾನ ಕೇಂದ್ರದ ಥರ್ಮಾಮೀಟರ್ ಇರುವುದು ನೆಲದಿಂದ ಎದೆಮಟ್ಟದಲ್ಲಿ, ನೆರಳು ಪೆಟ್ಟಿಗೆಯೊಳಗೆ. ಅಂಥ ರಾತ್ರಿ ಹುಲ್ಲಿನ ಮಟ್ಟದಲ್ಲಿ ಉಷ್ಣತೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುವುದು ಸಾಮಾನ್ಯ.

ಇಳಿಜಾರಿನ ಬುಡದಲ್ಲಿ ಮನೆ ಎಂದು ಬರೆದಿದ್ದೀರಿ. ತಂಪು ಗಾಳಿ ಭಾರ, ರಾತ್ರಿಯಿಡೀ ನೀರಿನ ಹಾಗೆ ತಗ್ಗಿಗೆ ಹರಿದು ಬಂದು ನಿಲ್ಲುತ್ತದೆ. ರೇಸ್‌ಕೋರ್ಸ್, ಕಾಂದಲ್, ತಲೈಕುಂದದ ಬಯಲುಗಳು ಬೆಳ್ಳಗಾಗಿರುವ ಬೆಳಿಗ್ಗೆ ಅವುಗಳ ಮೇಲಿನ ದಿಣ್ಣೆಯ ಮನೆಗಳ ಅಂಗಳ ಹಸಿರಾಗಿಯೇ ಇರುವುದಕ್ಕೆ ಇದೇ ಕಾರಣ. ನಿಮ್ಮ ಅಂಗಳದಲ್ಲಿ ಕಾಂಪೌಂಡ್ ಗೋಡೆ ಇಳಿಜಾರಿನ ಕೆಳಭಾಗಕ್ಕಿದ್ದರೆ ತಣ್ಣನೆಯ ಗಾಳಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಗೇಟು ಆ ಕಡೆಯೇ ಇದ್ದರೆ ರಾತ್ರಿ ತೆರೆದಿಡಿ ಎನ್ನಬೇಕು, ಆದರೆ ಕಾಟಿ (ಕಾಡುಕೋಣ) ನುಗ್ಗುವ ಊರಿನಲ್ಲಿ ಯಾರಿಗೆ ಹಾಗೆ ಹೇಳುವುದು!

ಇದು ಅರ್ಥವಾದರೆ ಪಾಲಿಥಿನ್ ಏಕೆ ಕೈಕೊಟ್ಟಿತು ಎಂಬುದೂ ಅರ್ಥವಾಗುತ್ತದೆ. ತೆಳು ಪಾಲಿಥಿನ್ ಹಾಳೆ ಗಾಳಿಯನ್ನು ತಡೆಯುತ್ತದೆ, ಆದರೆ ಎಲೆಯಿಂದ ಹೊರಡುವ ಶಾಖದ ಕಿರಣಗಳನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತದೆ. ಮೇಲಾಗಿ ಹಾಳೆಯೇ ತಣ್ಣಗಾಗಿ, ಒಳಗಿನ ತೇವ ಅದಕ್ಕೆ ಅಂಟಿ ಹೆಪ್ಪುಗಟ್ಟುತ್ತದೆ. ಅದು ತಾಗಿದ ಎಲೆಯೂ ಹೆಪ್ಪುಗಟ್ಟುತ್ತದೆ. ನೀವು ಸುತ್ತಿ ದಾರ ಬೇರೆ ಕಟ್ಟಿದ್ದೀರಿ. ಆಗ ಮಣ್ಣಿನಿಂದ, ನೆಲದಿಂದ ಮೇಲೆ ಬರುವ ಸ್ವಲ್ಪ ಬಿಸಿಯೂ ಎಲೆಗೆ ಸಿಗದಂತಾಯಿತು. ಬೆಳಿಗ್ಗೆ ಬಿಸಿಲೇರಿದ ಮೇಲೂ ಹಾಳೆ ತೆಗೆಯದಿದ್ದರೆ ಒಳಗೆ ಬೆಂದೇ ಹೋಗುತ್ತದೆ, ಅದು ಬೇರೆ ಹಾನಿ.

ಹಾಗಾದರೆ ಬೇಕಾದದ್ದು ಏನು? ಎಲೆಗೂ ಆಕಾಶಕ್ಕೂ ನಡುವೆ ಒಂದು ಮರೆ. ಸುತ್ತುವುದಲ್ಲ, ಮುಚ್ಚುವುದೂ ಅಲ್ಲ, ಮೇಲೆ ಒಂದು ಚಾವಣಿ ಮಾಡುವುದು. ಇದಕ್ಕೆ ಎಲ್ಲಕ್ಕಿಂತ ಸುಲಭವಾದ ದಾರಿ ಕುಂಡಕ್ಕೇ ಇದೆ, ಅದನ್ನು ಎತ್ತಿಡಬಹುದು. ಸಂಜೆ ಆರು ಕುಂಡಗಳನ್ನೂ ಎತ್ತಿ ಮನೆಯ ಸೂರಿನ ಕೆಳಗೆ, ಗೋಡೆಗೆ ತಾಗಿಸಿ, ಒಂದಕ್ಕೊಂದು ಒತ್ತಿಡಿ. ಅರ್ಧ ಆಕಾಶ ಮರೆಯಾದರೂ ದೊಡ್ಡ ವ್ಯತ್ಯಾಸ. ಸೂರು ಇಲ್ಲದಿದ್ದರೆ ಒಂದು ಹಳೇ ಮೇಜು ಅಥವಾ ಬೆಂಚಿನ ಅಡಿಗೆ ತಳ್ಳಿ, ಮೇಲೆ ಗೋಣಿಚೀಲವನ್ನೋ ಹಳೇ ಹತ್ತಿ ಬೆಡ್‌ಶೀಟನ್ನೋ ನೆಲ ಮುಟ್ಟುವಂತೆ ಇಳಿಬಿಡಿ. ನೆಲ ಮುಟ್ಟಬೇಕು, ಎಲೆ ಮುಟ್ಟಬಾರದು. ಬಿದಿರಿನ ಮಂಕರಿ, ರಟ್ಟಿನ ಪೆಟ್ಟಿಗೆ, ಬಕೆಟ್ಟು ಬೋರಲು ಹಾಕಿದರೂ ಆದೀತು. ಅಂಗಡಿಯಲ್ಲಿ ನೇಯದ ಬಟ್ಟೆಯ ಬಿಳಿ ಬೆಳೆ-ಹೊದಿಕೆ ಸಿಗುತ್ತದೆ. ಅದು ಹಗುರ, ಒಂದೆರಡು ಡಿಗ್ರಿ ಕಾಯುತ್ತದೆ. ಆದರೆ ಆರು ಕುಂಡಕ್ಕೆ ದುಡ್ಡು ಕೊಟ್ಟು ಅದನ್ನು ತರಬೇಕೆಂದು ನನಗನಿಸುವುದಿಲ್ಲ. ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ, ಗಾಳಿ ಬೆಚ್ಚಗಾದ ಮೇಲೆ ಹೊದಿಕೆ ತೆಗೆಯಿರಿ.

ನಮ್ಮ ಬೆಟ್ಟದಲ್ಲಿ ಇದು ಹೊಸ ವಿದ್ಯೆಯೇನಲ್ಲ. 1848ರಲ್ಲಿ ಶುರುವಾದ ಇಲ್ಲಿನ ಸಸ್ಯೋದ್ಯಾನದಲ್ಲಿ ಇವತ್ತಿಗೂ ಹಿಮಗಾಲ ಬಂತೆಂದರೆ ಎಳೆ ಸಸಿಗಳಿಗೆ ಕೋತಗಿರಿ ಮಿಲಾರ್ ಎಂಬ ಗಿಡದ ಕೊಂಬೆಗಳನ್ನು ಗೂಡಿನಂತೆ ನೆಟ್ಟು ಮರೆ ಮಾಡುತ್ತಾರೆ. ಚಹಾದವರು ಎಳೆ ಗಿಡದ ಮೇಲೆ ಜರೀಗಿಡದ ಸೊಪ್ಪು ಹೊದಿಸುತ್ತಾರೆ. ಎರಡೂ ಮಾಡುವುದು ಒಂದೇ ಕೆಲಸ: ಆಕಾಶದಿಂದ ಮರೆ, ಒಳಗೆ ಗಾಳಿಯಾಡಲು ಜಾಗ. ಸೊಪ್ಪು ಬೇಕಾದಷ್ಟು ಸಿಗುವ ಊರಿನಲ್ಲಿ ನೀವು ಪ್ಲಾಸ್ಟಿಕ್ಕಿಗೆ ಹೋಗುವ ಅಗತ್ಯವೂ ಇಲ್ಲ.

ಪ್ರತಿ ರಾತ್ರಿ ಇದನ್ನು ಮಾಡಬೇಕಿಲ್ಲ. ರಾತ್ರಿ ಒಂಬತ್ತಕ್ಕೆ ಹೊರಗೆ ಬಂದು ನಿಂತರೆ ತಿಳಿಯುತ್ತದೆ. ನಕ್ಷತ್ರ ಚುಚ್ಚುವಂತೆ ಕಾಣುತ್ತಿದ್ದು, ಎಲೆ ಅಲುಗದಿದ್ದು, ಆ ದಿನ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣ ಹವೆಯಿದ್ದರೆ ಹಿಮ ಖಚಿತ ಎಂದೇ ತಿಳಿಯಿರಿ. ಮಂಜು ಕವಿದಿದ್ದರೆ, ಮೋಡವಿದ್ದರೆ, ಗಾಳಿ ಬೀಸುತ್ತಿದ್ದರೆ ಹಾಯಾಗಿ ಮಲಗಬಹುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಸುದ್ದಿ ಬಂದ ದಿನಗಳಲ್ಲಿ ಇಲ್ಲಿ ಮೋಡವಿರುತ್ತದೆ, ಹಿಮ ಇರುವುದಿಲ್ಲ. ಅದು ಕಳೆದು ಆಕಾಶ ತೊಳೆದಿಟ್ಟಂತಾದ ಮೊದಲ ರಾತ್ರಿಗಳಲ್ಲಿ ಎಚ್ಚರ ಬೇಕು. ಗರಿಷ್ಠ-ಕನಿಷ್ಠ ತೋರಿಸುವ ಒಂದು ಸಾಮಾನ್ಯ ಥರ್ಮಾಮೀಟರ್ ತಂದು ಕುಂಡಗಳ ನಡುವೆ ಎಲೆಯ ಮಟ್ಟದಲ್ಲೇ ಇಡಿ. ರಾತ್ರಿ ಹತ್ತಕ್ಕೆ ಅದು 4 ಡಿಗ್ರಿಗೆ ಇಳಿದಿದ್ದರೆ ಬೆಳಗಿನ ಜಾವ ಸೊನ್ನೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ. ಸುತ್ತಿಕೊಂಡಿರುವ ಮೊಳಕೆ ಸೊನ್ನೆಯನ್ನು ಸುಲಭವಾಗಿ ತಡೆಯುತ್ತದೆ. ಬಿಚ್ಚಿದ ಎಳೆ ಎಲೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಉಳಿಯುವುದಿಲ್ಲ. ನಿಮ್ಮ ಕುಂಡಗಳಲ್ಲಿ ಕೆಲವು ಎಲೆ ಹೋಗಿ ಕೆಲವು ಮೊಳಕೆ ಉಳಿದಿರುವುದಕ್ಕೂ ಇದೇ ಕಾರಣ.

ಅಕ್ಕಪಕ್ಕದವರ ಸಲಹೆಗಳನ್ನು ನೋಡೋಣ. ಬಿಸಿನೀರು ಖಂಡಿತ ಬೇಡ. ಎಲೆ ಹೆಪ್ಪುಗಟ್ಟಿದಾಗ ಮೊದಲು ಮಂಜುಗಡ್ಡೆ ಕಟ್ಟುವುದು ಜೀವಕೋಶಗಳ ನಡುವಿನ ಜಾಗದಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆದುಕೊಳ್ಳುತ್ತದೆ. ನಿಧಾನವಾಗಿ ಕರಗಿದರೆ ಸ್ವಲ್ಪ ನೀರು ಕೋಶಕ್ಕೆ ಹಿಂತಿರುಗಿ, ಅಂಚಿನಲ್ಲಿದ್ದ ಎಲೆ ಉಳಿಯುವ ಸಾಧ್ಯತೆ ಇರುತ್ತದೆ. ಧಡಕ್ಕನೆ ಬಿಸಿ ಮುಟ್ಟಿಸಿದರೆ ಆ ಸಾಧ್ಯತೆಯೂ ಹೋಗುತ್ತದೆ. ನೀವು ಕುಂಡ ಇಟ್ಟ ಪೂರ್ವದ ತುದಿಯೂ ಇದೇ ಕೆಲಸ ಮಾಡಿದೆ. ರಾತ್ರಿಯಿಡೀ ತೆರೆದ ಆಕಾಶ, ಬೆಳಗಾಗುತ್ತಲೇ ಮುಖಕ್ಕೆ ನೇರ ಬಿಸಿಲು. ಹಿಮದ ಊರಿನಲ್ಲಿ ಎಳೆ ಗಿಡಕ್ಕೆ ಪೂರ್ವಕ್ಕಿಂತ ಕೆಟ್ಟ ಜಾಗ ಇಲ್ಲ.

ಹಾಗಾದರೆ ಸಸ್ಯೋದ್ಯಾನದಲ್ಲಿ ಮುಂಜಾನೆ ಹುಲ್ಲುಹಾಸಿಗೆ ನೀರು ಹಾರಿಸುತ್ತಾರಲ್ಲ ಎಂದು ಕೇಳಬಹುದು. ಅದು ತಣ್ಣೀರು, ಬಿಸಿಲು ಬೀಳುವ ಮೊದಲು ಹಿಮ ಕರಗಿಸಲು. ದೊಡ್ಡ ತೋಟಗಳಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಓಡಿಸುವವರೂ ಇದ್ದಾರೆ. ನೀರು ಮಂಜುಗಡ್ಡೆಯಾಗುವಾಗ ಗ್ರಾಂಗೆ 80 ಕ್ಯಾಲೊರಿಯಷ್ಟು ಶಾಖ ಬಿಡುತ್ತದೆ, ಆ ಶಾಖ ಎಲೆಯನ್ನು ಸೊನ್ನೆಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಆದರೆ ಇದು ಎಡೆಬಿಡದೆ, ಹಿಮ ಪೂರ್ತಿ ಕರಗುವವರೆಗೆ ನಡೆಯಬೇಕು. ನಡುವೆ ಪಂಪು ನಿಂತರೆ ಒದ್ದೆ ಎಲೆಯ ನೀರು ಆವಿಯಾಗಿ ಇನ್ನಷ್ಟು ತಣ್ಣಗಾಗುತ್ತದೆ, ಹಾನಿ ದುಪ್ಪಟ್ಟು. ಸಂಜೆ ಎಲೆಗೆ ಒಂದು ಚೊಂಬು ನೀರು ಚಿಮುಕಿಸುವುದು ಇದರ ಅಣಕ. ಅದರ ಬದಲು ಹಿಮದ ಲಕ್ಷಣವಿರುವ ದಿನ ಬೆಳಿಗ್ಗೆಯೇ ಕುಂಡದ ಮಣ್ಣಿಗೆ, ಎಲೆಗಲ್ಲ, ಸ್ವಲ್ಪ ನೀರು ಕೊಡಿ. ಹಸಿ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ಕುಂಡದಡಿಯ ತಟ್ಟೆ ತೆಗೆದುಬಿಡಿ.

ಹೊಗೆಯಿಂದ ಹೊಗೆಯೇ ಬರುತ್ತದೆ, ಬೇರೆ ಪ್ರಯೋಜನ ಅಷ್ಟಿಲ್ಲ. ಮೋಡ ಶಾಖ ತಡೆಯುವಂತೆ ಸೌದೆಯ ಹೊಗೆ ತಡೆಯುವುದಿಲ್ಲ. ಬೆಂಕಿಯಿಂದ ಸಿಗುವ ಬಿಸಿಯೂ ಅಂಗಳ ದಾಟುವುದಿಲ್ಲ. ಕೆಲವರು ಕುಂಡಗಳನ್ನು ಶೆಡ್ಡಿನಲ್ಲಿಟ್ಟು ಒಳಗೆ ಕೆಂಡದ ಬಾಂಡಲಿ ಇಡುತ್ತಾರೆ. ದಯವಿಟ್ಟು ಬೇಡ. ಮುಚ್ಚಿದ ಜಾಗದಲ್ಲಿ ಕೆಂಡ ಕಾರ್ಬನ್ ಮಾನಾಕ್ಸೈಡ್ ತುಂಬಿಸುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಿಗ್ಗೆ ಬಾಗಿಲು ತೆರೆದು ಒಳಹೋಗುವ ಮನುಷ್ಯನ ಪ್ರಾಣಕ್ಕೆ ಅಪಾಯ. ಗಿಡಕ್ಕೋಸ್ಕರ ಅಷ್ಟು ದೂರ ಹೋಗಬೇಕಿಲ್ಲ.

ನಿಮ್ಮ ಮಗಳು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಕುಂಡದಲ್ಲಿ ಬೇರಿಗೆ ನೆಲದಷ್ಟು ರಕ್ಷಣೆ ಇಲ್ಲ, ಕುಂಡ ವಾರಗಟ್ಟಲೆ ಕಲ್ಲಾಗಿ ಹೆಪ್ಪುಗಟ್ಟುವ ದೇಶಗಳಲ್ಲಿ ಬೇರು ಸಾಯುವುದುಂಟು. ಅಲ್ಲಿಯವರು ಕುಂಡವನ್ನು ಗ್ಯಾರೇಜಿಗೆ ಸಾಗಿಸುವುದು ಅದಕ್ಕೇ. ಊಟಿಯಲ್ಲಿ ಸೊನ್ನೆಯ ಕೆಳಗಿನ ಚಳಿ ಇರುವುದು ಬೆಳಗಿನ ಜಾವದ ಕೆಲವೇ ಗಂಟೆ. ಅಷ್ಟರಲ್ಲಿ ಹನ್ನೆರಡು ಇಂಚಿನ ಕುಂಡದ ಒಳಮಣ್ಣು ಹೆಪ್ಪುಗಟ್ಟುವುದಿಲ್ಲ, ಮೇಲಿನ ಪದರ ಗರಿಗರಿಯಾದೀತು. ಹೋಸ್ಟಾ ಗಡ್ಡೆ ಸ್ವಭಾವದಿಂದ ಇದಕ್ಕಿಂತ ಎಷ್ಟೋ ಕ್ರೂರ ಚಳಿ ತಡೆಯುವಂಥದ್ದು. ಹಾಗಾಗಿ ಬೇರಿನ ಚಿಂತೆ ಬಿಡಿ.

ಅಡುಗೆಮನೆ ಮಾತ್ರ ಬೇಡವೇ ಬೇಡ. ಅಲ್ಲಿ ಬೆಚ್ಚಗಿರುತ್ತದೆ, ಬೆಳಕು ಕಡಿಮೆ. ಅರ್ಧ ಎದ್ದಿರುವ ಮೊಳಕೆ ಪೂರ್ತಿ ಎದ್ದು, ಬೆಳಕು ಹುಡುಕುತ್ತ ಸಪೂರವಾಗಿ ಉದ್ದ ಬೆಳೆಯುತ್ತದೆ. ಆ ಬಲಹೀನ ಎಲೆಯನ್ನು ಮತ್ತೆ ಹೊರಗಿಟ್ಟ ದಿನ ಹಿಮ ಬೇಕಾಗಿಲ್ಲ, ಬರಿಯ ಬಿಸಿಲಿಗೇ ಸುಡುತ್ತದೆ. ತೀರಾ ಒಂದೆರಡು ಕೆಟ್ಟ ರಾತ್ರಿಗೆ ಒಳಗೆ ತರಲೇಬೇಕೆಂದರೆ ಬೆಂಕಿಯಿಲ್ಲದ ವರಾಂಡಕ್ಕೋ ಸೌದೆ ಕೊಟ್ಟಿಗೆಗೋ ತನ್ನಿ, ಬೆಳಿಗ್ಗೆ ಮತ್ತೆ ನೆರಳಿಗೆ ಇಡಿ.

ಈಗ ನನ್ನ ಮುಖ್ಯ ಸಲಹೆ. ಇದು ಮುಂದಿನ ನವೆಂಬರಿಗೆ. ಎಲೆ ಹಳದಿಯಾಗಲು ಶುರುವಾದಾಗ ಕುಂಡಗಳನ್ನು ಮನೆಯ ಉತ್ತರದ ಗೋಡೆಗೆ, ಸೂರಿನ ಕೆಳಗೆ ಒಯ್ಯಿರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ತಿಂಗಳುಗಳಲ್ಲಿ ಉತ್ತರದ ಗೋಡೆಯ ಬುಡಕ್ಕೆ ನೇರ ಬಿಸಿಲು ಬೀಳುವುದಿಲ್ಲ. ಹಗಲೂ ಅಲ್ಲಿ ತಣ್ಣಗೇ ಇರುತ್ತದೆ, ರಾತ್ರಿ ಸೂರು ಆಕಾಶ ಮರೆಮಾಡುತ್ತದೆ. ಗಿಡಕ್ಕೆ ಬೇಕಾದ ತಂಪೂ ಸಿಕ್ಕಿತು, ಹಿಮವೂ ತಪ್ಪಿತು. ಬಹಳ ಜನ ಇದನ್ನು ಒಪ್ಪಲು ಹಿಂಜರಿಯುತ್ತಾರೆ. ಚಳಿಗೆ ಗಿಡ ನಡುಗುತ್ತಿದೆ, ಬಿಸಿಲಿಗಿಡೋಣ ಎಂಬ ಮರುಕ. ಕೂನೂರು, ಊಟಿಯ ಎಷ್ಟೋ ಅಂಗಳಗಳಲ್ಲಿ ನಾನು ಕಂಡದ್ದು, ಗಿಡ ಹಾಳಾಗಿರುವುದು ಈ ಮರುಕದಿಂದಲೇ ಹೆಚ್ಚು. ಎಲೆಯಿಲ್ಲದ ಹೋಸ್ಟಾಗೆ ಬೆಳಕೇ ಬೇಡ. ಫೆಬ್ರವರಿ ಕೊನೆಯವರೆಗೆ ಅದು ಏಳದಿದ್ದರೆ ಅಷ್ಟು ಒಳ್ಳೆಯದು.

ಕಪ್ಪು ಕುಂಡಗಳ ಮೇಲೆ ಗೋಣಿ ಸುತ್ತಿದರೆ ಅಥವಾ ಸುಣ್ಣ ಬಳಿದರೆ ಕಾಯುವುದು ಕಡಿಮೆಯಾಗುತ್ತದೆ. ಮಣ್ಣಿನ ಕುಂಡ ತನ್ನ ಮೈಯಿಂದ ನೀರು ಆರಿಸಿಕೊಂಡು ತಾನೇ ತಣ್ಣಗಿರುತ್ತದೆ, ಹೋಸ್ಟಾಗೆ ನನ್ನ ಮೆಚ್ಚಿಗೆ ಅದೇ. ಮಲಗಿರುವ ತಿಂಗಳುಗಳಲ್ಲಿ ನೀರು ಬಹಳ ಕಡಿಮೆ ಸಾಕು, ಬೆರಳು ಒಂದಿಂಚು ಒಳಗಿಟ್ಟಾಗ ತೇವ ತಾಗಿದರೆ ಹಾಕಲೇಬೇಡಿ. ನವೆಂಬರ್, ಡಿಸೆಂಬರಿನ ಈಶಾನ್ಯ ಮಾರುತದ ಮಳೆ ನೇರ ಕುಂಡಕ್ಕೆ ಬೀಳದಂತೆಯೂ ಅದೇ ಸೂರು ಕಾಯುತ್ತದೆ. ಗಡ್ಡೆ ಕೊಳೆಯುವುದು ಚಳಿ ಮತ್ತು ನೀರು ಎರಡೂ ಸೇರಿದಾಗ.

ಈ ವರ್ಷ ಆಗಿಹೋದದ್ದಕ್ಕೆ ಏನು ಮಾಡುವುದು? ಕಪ್ಪಾಗಿ ಲೋಳೆಯಾದ ಎಲೆಗಳನ್ನು ಬುಡದಿಂದ ಅರ್ಧ ಇಂಚು ಬಿಟ್ಟು ಚೊಕ್ಕಟ ಕತ್ತರಿಯಲ್ಲಿ ತೆಗೆಯಿರಿ, ಇಲ್ಲದಿದ್ದರೆ ಕೊಳೆ ಮೊಳಕೆಗೆ ಇಳಿಯುತ್ತದೆ. ಬಿಳಿಚಿ ಕಾಗದದಂತೆ ಒಣಗಿದ ಭಾಗಗಳನ್ನು ಸದ್ಯ ಹಾಗೇ ಬಿಡಿ, ಅವು ಒಳಗಿನ ಸುರುಳಿಗೆ ಇನ್ನೊಂದು ಹಿಮದ ರಾತ್ರಿ ಮರೆಯಾಗುತ್ತವೆ. ಮೊಳಕೆಯ ತುದಿ ಮಾತ್ರ ಸುಟ್ಟಿದ್ದರೆ ಎಲೆ ಬಿಚ್ಚಿದಾಗ ಅಂಚು ಹರಿದು, ನಡುವೆ ತೂತು ಬಿದ್ದಂತೆ ಕಾಣುತ್ತದೆ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ. ಎಲ್ಲ ಎಲೆಯೂ ಹೋಗಿದ್ದರೆ ಗಡ್ಡೆಯ ಉಳಿದ ಕಣ್ಣುಗಳಿಂದ ಕೆಲವು ವಾರಗಳಲ್ಲಿ ಎರಡನೇ ಚಿಗುರು ಬರುತ್ತದೆ. ಅದು ಮೊದಲಿನದಕ್ಕಿಂತ ಚಿಕ್ಕದಾಗಿ, ಕಡಿಮೆ ಬರುತ್ತದೆ. ಆ ಒಂದು ವರ್ಷ ಗಿಡ ಸಣ್ಣದೆನಿಸುತ್ತದೆ. ಇದೇ ಕಥೆ ಎರಡು ಮೂರು ವರ್ಷ ಮುಂದುವರಿದರೆ ಮಾತ್ರ ಗಡ್ಡೆ ಬಸವಳಿದು ಸವೆದುಹೋಗುತ್ತದೆ.

ಗೊಬ್ಬರ ಈಗ ಬೇಡ. ಎಲೆಯೇ ಇಲ್ಲದ ಗಿಡ ಗೊಬ್ಬರ ತೆಗೆದುಕೊಳ್ಳುವುದಿಲ್ಲ. ಯೂರಿಯಾ ಕೊಟ್ಟರೆ ಬರುವ ಚಿಗುರು ಮೆತ್ತಗಿದ್ದು ಹಿಮಕ್ಕೆ ಇನ್ನೂ ಬೇಗ ಬಲಿಯಾಗುತ್ತದೆ. ಮಾರ್ಚ್ ಕೊನೆಗೆ, ಎರಡು ಮೂರು ಎಲೆ ಪೂರ್ತಿ ಅಗಲವಾದ ಮೇಲೆ ಮೇಲ್ಮಣ್ಣಿಗೆ ಒಂದು ಹಿಡಿ ಚೆನ್ನಾಗಿ ಕಳಿತ ಎರೆಗೊಬ್ಬರ ಹಾಕಿ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಇಟ್ಟುಕೊಂಡಿದ್ದರೆ ಲೀಟರಿಗೆ ಒಂದು ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಡಬಹುದು. ಸೆಪ್ಟೆಂಬರ್ ಆದ ಮೇಲೆ ಸಾರಜನಕ ನಿಲ್ಲಿಸಿ, ಮಲಗಬೇಕಾದ ಗಿಡವನ್ನು ಎಬ್ಬಿಸಿ ಊಟಕ್ಕೆ ಕೂರಿಸಬಾರದು.

ತಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎಲ್ಲ ಹೋಸ್ಟಾಗಳೂ ಒಂದೇ ಹೊತ್ತಿಗೆ ಏಳುವುದಿಲ್ಲ. ಮೊಂಟಾನಾ ಜಾತಿಯ ಹಳದಿ ಅಂಚಿನ ‘ಆರಿಯೋಮಾರ್ಜಿನೇಟಾ’ ಎಲ್ಲರಿಗಿಂತ ಮುಂಚೆ ಎದ್ದು ಹಿಮಕ್ಕೆ ಸಿಗುವುದರಲ್ಲಿ ಲೋಕಪ್ರಸಿದ್ಧ. ಚೀನಾ ಮೂಲದ ಪ್ಲಾಂಟಾಜಿನಿಯಾ ಜಾತಿ ಬೆಚ್ಚಗಿನ ಹವೆಯನ್ನೂ ತಾಳಿಕೊಳ್ಳುತ್ತದೆ. ಎಲೆ ಹೋದರೂ ಮತ್ತೆ ಮತ್ತೆ ಬಿಡುವ ಗುಣ ಇದೆ, ಬಿಳಿ ಹೂವಿಗೆ ಒಳ್ಳೆಯ ಪರಿಮಳವೂ ಇದೆ. ಮುಂದೆ ಕೊಳ್ಳುವುದಾದರೆ ಅದನ್ನೋ, ಅದರ ಸಂಕರವಾದ ‘ರಾಯಲ್ ಸ್ಟ್ಯಾಂಡರ್ಡ್’ ಅನ್ನೋ ಕೇಳಿ. ಕೊಳ್ಳುವಾಗ ಎಲೆಯ ನರಗಳ ಉದ್ದಕ್ಕೆ ಶಾಯಿ ಇಳಿದಂತೆ ಬಣ್ಣ ಹರಡಿದ್ದರೆ ಚಂದವಿದೆ ಎಂದು ತರಬೇಡಿ. ಅದು 1996ರಲ್ಲಿ ಗುರುತಿಸಲಾದ ಹೋಸ್ಟಾ ವೈರಸ್ ಎಕ್ಸ್ ಇರಬಹುದು, ಅದಕ್ಕೆ ಮದ್ದಿಲ್ಲ, ಕತ್ತರಿಯ ಮೂಲಕ ಪಕ್ಕದ ಗಿಡಕ್ಕೂ ದಾಟುತ್ತದೆ. ಹಿಮದಿಂದ ಆದ ಮಚ್ಚೆ ಹೀಗಿರುವುದಿಲ್ಲ, ಅದು ಎಲೆಯ ತುದಿ, ಅಂಚುಗಳಲ್ಲಿ ಒಣಗಿ ತೆಳುವಾಗಿರುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಎಲೆ ಅಗಿಯಲು ಬಿಡಬೇಡಿ, ವಾಂತಿ ಭೇದಿ ಮಾಡಿಕೊಳ್ಳುತ್ತವೆ. ಇನ್ನು ಜೂನ್ ಬಂದರೆ ಹಿಮಕ್ಕಿಂತ ದೊಡ್ಡ ಶತ್ರು ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು), ಒಂದೇ ರಾತ್ರಿಯಲ್ಲಿ ಎಲೆ ಜರಡಿ ಮಾಡುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸಿ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಗುಂಡ್ಲುಪೇಟೆಯ ತಂಗಿಯ ವಿಷಯ. ಅಲ್ಲಿಗೂ ನಿಮ್ಮ ಊರಿಗೂ ಬಂಡೀಪುರ, ಮುದುಮಲೈ ಕಾಡುಗಳಷ್ಟೇ ಅಡ್ಡವಾದರೂ ಎತ್ತರದಲ್ಲಿ ಸುಮಾರು 1,400 ಮೀಟರ್ ವ್ಯತ್ಯಾಸ. ಅಲ್ಲಿ ಹಿಮವೂ ಇಲ್ಲ, ಹೋಸ್ಟಾಗೆ ಬೇಕಾದ ತಂಪೂ ಇಲ್ಲ. ಮೊದಲ ವರ್ಷ ಗಡ್ಡೆಯಲ್ಲಿದ್ದ ಶಕ್ತಿಯಿಂದ ಎಲೆ ಬಿಟ್ಟು ಆಸೆ ಹುಟ್ಟಿಸುತ್ತದೆ, ಎರಡನೇ ವರ್ಷ ಕುಗ್ಗುತ್ತದೆ, ಮೂರನೇ ವರ್ಷ ಹುಡುಕಬೇಕು. ತೀರಾ ಇಷ್ಟವಿದ್ದರೆ ಪ್ಲಾಂಟಾಜಿನಿಯಾ ಪ್ರಯತ್ನಿಸಬಹುದು, ಬೇಸಿಗೆಯಲ್ಲಿ ಪೂರ್ತಿ ನೆರಳಿನಲ್ಲಿ. ಬೇರೆ ಜಾತಿಯಾದರೆ ಡಿಸೆಂಬರಿನಲ್ಲಿ ಗಡ್ಡೆ ಕಿತ್ತು ಮಣ್ಣು ಕೊಡವಿ, ಸ್ವಲ್ಪವೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿಟ್ಟು, ತೂತಿರುವ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬದಲ್ಲಿ ಆರರಿಂದ ಎಂಟು ವಾರ ಇಡಬೇಕು. ಫ್ರೀಜರಿನಲ್ಲಲ್ಲ. ಅದೇ ಡಬ್ಬದಲ್ಲಿ ಬಾಳೆ, ಸೇಬಿನಂಥ ಹಣ್ಣು ಇಡಬಾರದು, ಅವು ಬಿಡುವ ಎಥಿಲೀನ್ ಅನಿಲ ಮೊಗ್ಗಿಗೆ ಒಗ್ಗುವುದಿಲ್ಲ. ಪ್ರತಿ ವರ್ಷ ಇಷ್ಟು ಮಾಡುವ ಸಹನೆ ಅವರಿಗಿದ್ದರೆ ಕೊಡಿ. ಕೊಡುವುದಾದರೂ ಈಗ ಬೇಡ. ಸುಟ್ಟ ಗಿಡವನ್ನು ಇನ್ನೊಮ್ಮೆ ಕಿತ್ತು ಒಡೆಯುವುದು ಅದಕ್ಕೆ ಹೊರೆ. ಈ ವರ್ಷದ ಮಳೆಗಾಲದಲ್ಲಿ ಎಲೆ ತುಂಬಿಕೊಳ್ಳಲಿ. ಮುಂದಿನ ಡಿಸೆಂಬರಿನಲ್ಲಿ, ಎಲೆ ಒಣಗಿ ಗಡ್ಡೆ ಮಲಗಿದ ಮೇಲೆ, ಎರಡು ಕಣ್ಣಾದರೂ ಇರುವ ತುಂಡನ್ನು ಒಡೆದು ಕೊಡಿ. ಅವರು ನೇರವಾಗಿ ಫ್ರಿಜ್ಜಿಗೆ ಇಡಲಿ.